ಒಂಬೈನೂರ ಅರವತ್ತು ವ್ಯಾಟ್

ದೇವಕ್ಕನ ರೊಟ್ಟಿ ಉಬ್ಬುತ್ತಿರಲಿಲ್ಲ. ಬೈಲಹೊಂಗಲದ ನಿಜಗುಣಪ್ಪನ ರೊಟ್ಟಿ ಕೇಂದ್ರದಲ್ಲಿ ಒಂಬತ್ತು ವರ್ಷ ಬಡಿದ ಕೈ ಅದು. ತಾಸಿಗೆ ನಲವತ್ತು ಬಡಿಯುತ್ತಿದ್ದವಳು ಹದಿನೆಂಟಕ್ಕೆ ಇಳಿದಿದ್ದಳು. ಹಿಟ್ಟು ನಾದುವ ಎಸರು ಸಾಲದೇನೋ ಎಂದು ಇನ್ನಷ್ಟು ಕುದಿಸಿದಳು. ಬೆರಳು ಬೆಂದವು, ರೊಟ್ಟಿ ಮಾತ್ರ ಕರೆಂಟಿನ ಒಲೆಯ ಹಂಚಿನ ಮೇಲೆ ಒಣಗಿ ಸೆಟೆದುಕೊಂಡಿತು. ಸಂಗೊಳ್ಳಿಯಿಂದ ಮೊದಲ ಬಸ್ಸಿಗೆ ಬರುವ ಈ ಮುದುಕಿ, ತನ್ನ ಕೈಗುಣವೇ ಹೋಯಿತೆಂದು ಯಲ್ಲಮ್ಮನಿಗೆ ಹರಕೆ ಹೊತ್ತಳು. ಪಾಪ, ಯಲ್ಲಮ್ಮನಿಗೇನು ಗೊತ್ತು ವೈರಿಂಗಿನ ಕಥೆ!

ಉಳಿದ ಹತ್ತು ಹೆಂಗಸರದೂ ಅದೇ ಪಾಡು. ಆದರೆ ಮುದುಕಿಯೇ ಎಲ್ಲರಿಗೂ ಮೈಗಳ್ಳತನ ಕಲಿಸುತ್ತಾಳೆಂದು ನಿಜಗುಣಪ್ಪ ತೀರ್ಮಾನಿಸಿಬಿಟ್ಟ. ಕರೆಂಟಿನ ಒಲೆಗೆ ಕಾವೇ ಇಲ್ಲ ಎಂದು ಅವಳು ಒಮ್ಮೆ ಬಾಯಿಬಿಟ್ಟಿದ್ದಕ್ಕೆ, "ಕುಣೀಲಾರದಾಕಿ ನೆಲಾ ಡೊಂಕ ಅಂದ್ಳಂತ" ಎಂದು ಎಲ್ಲರೆದುರು ನಕ್ಕ. ಒಲೆಯ ಕಾಯಿಲ್ ಕೆಡಿಸಿದವರೂ ನೀವೇ ಎಂದ. ಸೋಮವಾರದಿಂದ ಬರಬೇಡ ಎಂದ.

ಪಕ್ಕದ ಒಲೆಯ ಅನ್ನಪೂರ್ಣಾ ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಕಲಿತವಳು. ಹೆಣ್ಣಿಗೆ ಕಂಬ ಹತ್ತುವ ಕೆಲಸ ಯಾರೂ ಕೊಡಲಿಲ್ಲವಾಗಿ ರೊಟ್ಟಿ ಬಡಿಯುತ್ತಿದ್ದಳು. ಶನಿವಾರ ಚೀಲದಲ್ಲಿ ಕರೆಂಟು ಅಳೆಯುವ ಮೀಟರ್ ತಂದಳು. ದೇವಕ್ಕನ ಒಲೆಗೆ ಬರುತ್ತಿದ್ದದ್ದು ನೂರ ಅರವತ್ತು ವೋಲ್ಟ್, ಆರು ಆಂಪಿಯರ್. ಹಲಗೆಯ ಮೇಲಿನ ಹಿಟ್ಟಿನಲ್ಲಿ ಬೆರಳಿನಿಂದಲೇ ಲೆಕ್ಕ ಬರೆದಳು.

"ನೂರಾ ಅರವತ್ತನ್ನ ಆರರಿಂದ ಭಾಗಿಸಿದ್ರ ಇಪ್ಪತ್ತೇಳರ ಹತ್ರ ಬರತೈತಿ ಆಯಿ. ಅದು ಕಾಯಿಲಿನ ರೆಸಿಸ್ಟೆನ್ಸ್. ಹೊಸಾ ಒಲಿದೂ ಅಷ್ಟಽ ಇರತೈತಿ. ಅಂದ್ರ ಕಾಯಿಲ್ ಕೆಟ್ಟಿಲ್ಲ. ಈಗ ವೋಲ್ಟು, ಆಂಪಿಯರ್ ಗುಣಿಸೂಣು. ಒಂಬೈನೂರಾ ಅರವತ್ತು ವ್ಯಾಟ್. ಒಲಿ ಮ್ಯಾಲ ಬರದದ್ದು ಎರಡು ಸಾವಿರ."

"ಹಂಗಂದ್ರ?"

"ಅರ್ಧಾನೂ ಕಾವಿಲ್ಲ. ನಿನ್ನ ಕೈ ಚಲೋ ಐತಿ."

ದೇವಕ್ಕ ತನ್ನ ಬೆಂದ ಬೆರಳು ನೋಡಿಕೊಂಡಳು. ಮೊದಲು ಅಳು ಬಂತು, ಆಮೇಲೆ ಸಿಟ್ಟು ಬಂತು.

ಕಾರಣ ಗೋಡೆಯಾಚೆಯೇ ಇತ್ತು. ಮೂರು ತಿಂಗಳ ಹಿಂದೆ ನಿಜಗುಣಪ್ಪ ಹಿಟ್ಟಿನ ಗಿರಣಿ ಹಾಕಿದ್ದ. ಬೆಳಗಿನಿಂದ ಸಂಜೆತನಕ ಓಡುವ ಅದರ ಮೋಟರಿಗೂ ಒಲೆಗಳ ಸಣ್ಣ ತಂತಿಯಿಂದಲೇ ಕರೆಂಟು ಎಳೆದಿದ್ದ. ಆ ಹೊರೆಗೆ ಒಲೆಗಳ ವೋಲ್ಟ್ ಕುಸಿದಿತ್ತು. ಅನ್ನಪೂರ್ಣಾ ಲೆಕ್ಕ ತೋರಿಸಿದರೆ ಮೀಟರೇ ಸುಳ್ಳು ಎಂದ. ದೇವಕ್ಕ ಎದ್ದು ಹೋಗಿ ಗಿರಣಿಯ ಸ್ವಿಚ್ ಇಳಿಸಿ ಬಂದಳು.

ಮೀಟರ್ ಇನ್ನೂರ ಇಪ್ಪತ್ತಕ್ಕೆ ಏರಿತು. ಕಾಯಿಲ್ ಕೆಂಪಗಾಯಿತು. ಹಂಚು ಕಾದ ಮೇಲೆ ದೇವಕ್ಕ ಒಂದು ರೊಟ್ಟಿ ಬಡಿದು ಹಾಕಿದಳು. ನಿಜಗುಣಪ್ಪನ ಕಣ್ಣೆದುರೇ ಅದು ಪೂರಾ ಉಬ್ಬಿತು.

"ಲೆಕ್ಕ ತಪ್ಪೈತೇನ್ರಿ ಸಾವಕಾರ್ರ?" ಎಂದು ದೇವಕ್ಕ ಕೇಳಿದಳು.

"ಲೆಕ್ಕ ಬರೋಬರಿ ಐತಿ," ಎಂದ ನಿಜಗುಣಪ್ಪ. "ಅದಕ್ಕಽ ನೀ ಬರಬ್ಯಾಡ. ಲೆಕ್ಕಾ ಕಲಿಸಿದಾಕೀನೂ ಬರೂದು ಬ್ಯಾಡ."

ಹೋಗಿ ಗಿರಣಿ ಚಾಲೂ ಮಾಡಿದ. ನೆಲ ಡೊಂಕೆಂದು ತೋರಿಸಿಕೊಟ್ಟವರಿಗೆ ಸಿಕ್ಕ ಬಹುಮಾನ ಇದು, ನೋಡಿ.

ಸಂಜೆಯೊಳಗೆ ಮದುವೆಮನೆಯೊಂದಕ್ಕೆ ಎರಡು ಸಾವಿರ ರೊಟ್ಟಿ ಹೋಗಬೇಕಿತ್ತು. ಬಾಗಿಲ ಬಳಿ ಬಡಿಯುತ್ತಿದ್ದ ಬಾಯವ್ವ ಮೊದಲು ತನ್ನ ಒಲೆ ಆರಿಸಿದಳು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ಬಡಿಯುವ ಸಪ್ಪಳ ನಿಂತು, ಗಿರಣಿಯ ಸದ್ದೊಂದೇ ಉಳಿಯಿತು. ಕೊನೆಗೆ ದೇವಕ್ಕನೂ ತನ್ನದನ್ನು ಆರಿಸಿದಳು. ನಿಜಗುಣಪ್ಪ ಓಡಿ ಬಂದು ನೋಡಿದರೆ ಹನ್ನೊಂದೂ ಹಂಚು ಆರುತ್ತಿದ್ದವು.

ದೇವಕ್ಕ ಮೀಟರನ್ನು ಅವನತ್ತ ತಿರುಗಿಸಿದಳು. ಆಂಪಿಯರ್ ಸೊನ್ನೆ ಇತ್ತು.

"ಈಗ ಗುಣಿಸ್ರಿ ಸಾವಕಾರ್ರ," ಎಂದಳು.