ಬಾಗಿಲ ಮುಂದಿನ ಚರಂಡಿ

ಗವಿಸಿದ್ದಪ್ಪ ಅಳತೆಯ ಟೇಪನ್ನು ಬಾಗಿಲ ಮೇಲ್ಪಟ್ಟಿಗೆ ಒತ್ತಿ ಹಿಡಿದು ಕೆಳಕ್ಕೆ ಬಿಟ್ಟ. ಅದು ಚರಂಡಿ ಮುಚ್ಚಿದ ಕಾಂಕ್ರೀಟ್ ಹಾಸಿನ ಮೇಲೆ ತಾಗಿ ನಿಂತಿತು.

"ಎರಡಡಿ ಹತ್ತಿಂಚು."

"ಇನ್ನೊಮ್ಮಿ ನೋಡು ಮಾವ," ಎಂದ ಹಂಪೇಶ.

"ಎಷ್ಟು ಸಲ ನೋಡಿದ್ರೂ ಅಷ್ಟ ಐತಲೇ. ಟೇಪ್ ಜಗ್ಗಿದ್ರ ಬಾಗಿಲು ಬೆಳೀತೈತೇನು?"

ಗವಿಸಿದ್ದಪ್ಪ ಕುರುಗೋಡಿನವನು, ಮನೆ ಕಟ್ಟುವ ಗೌಂಡಿ. ಸತ್ತವಳು ಅವನ ಅಕ್ಕ ಶಿವಬಸಮ್ಮ, ಹಂಪೇಶನ ತಾಯಿ. ಒಳಗೆ, ಬಾಗಿಲಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ ಗೋಡೆಗೆ ಒರಗಿ ಕುಳಿತಿದ್ದಳು. ನಿನ್ನೆ ಬೆಳಗಿನ ಜಾವ ಜೀವ ಹೋದಮೇಲೆ, ಮೈ ಸೆಟೆಯುವ ಮುಂಚೆ, ಪಕ್ಕದ ಮನೆಯ ಹುಲುಗಮ್ಮನೇ ಕಾಲು ಮಡಿಸಿ ಮಣೆಯ ಮೇಲೆ ಕೂರಿಸಿದ್ದಳು. ಕಂಕುಳ ಕೆಳಗಿಂದ ಹಾಯಿಸಿದ ಬಟ್ಟೆಯನ್ನು ಗೋಡೆಯ ಗೂಟಕ್ಕೆ ಬಿಗಿದಿದ್ದರು. ಹಣೆಗೆ ವಿಭೂತಿ, ಎಡ ಅಂಗೈಯಲ್ಲಿ ಲಿಂಗ. ಅವರ ಮಂದಿಯಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಕುಳಿತೇ ಮನೆ ಬಿಡಬೇಕು, ಕುಳಿತೇ ಕುಣಿಗೆ ಇಳಿಯಬೇಕು. ಶಿವಬಸಮ್ಮ ಎತ್ತರದ ಹೆಂಗಸು. ಮಣೆಯ ಸಮೇತ ಮೂರೂವರೆ ಅಡಿ ಆಗಿದ್ದಳು.

ಮನೆಯ ನೆಲಕ್ಕಿಂತ ರಸ್ತೆ ಎರಡೂವರೆ ಅಡಿ ಮೇಲಿತ್ತು. ರಸ್ತೆಗೂ ಹೊಸ್ತಿಲಿಗೂ ನಡುವೆ ಹೋದ ವರ್ಷ ಕಟ್ಟಿದ ಚರಂಡಿ. ಅದರ ಗೋಡೆ ಬಾಗಿಲ ಕೆಳಗಿನ ಅರ್ಧವನ್ನು ಮುಚ್ಚಿ, ಮೇಲಿನ ಹಾಸು ರಸ್ತೆಯ ಮಟ್ಟಕ್ಕೆ ಬಂದಿತ್ತು. ಹೊಸ್ತಿಲೊಳಗೆ ಎರಡು ಕಲ್ಲು ಪೇರಿಸಿ ಮೆಟ್ಟಿಲು ಮಾಡಿದ್ದರು. ಅವನ್ನು ಹತ್ತಿ, ನಡು ಬಗ್ಗಿಸಿ, ತಲೆ ತಗ್ಗಿಸಿ, ಚರಂಡಿಯ ಹಾಸಿನ ಮೇಲೆ ಅಂಗೈ ಊರಿ ಹೊರಗೆ ಬರಬೇಕು. ನಿನ್ನೆಯಿಂದ ಬಂದವರೆಲ್ಲ ಹೀಗೆಯೇ ಇಳಿದು ಅತ್ತು, ಹೀಗೆಯೇ ಹತ್ತಿ ಹೊರಬಿದ್ದಿದ್ದರು. ಒಬ್ಬಿಬ್ಬರ ತಲೆಗೆ ಪೆಟ್ಟೂ ಆಗಿತ್ತು.

ರಸ್ತೆಯ ಮೇಲೆ ಶಾಮಿಯಾನ. ಅವಳನ್ನು ಕೂರಿಸಿ ಹೊರಲು ಬಾಳೆಕಂದು, ಚೆಂಡುಹೂ ಕಟ್ಟಿದ ಬಿದಿರಿನ ವಿಮಾನ ಹತ್ತು ಗಂಟೆಗೇ ಸಿದ್ಧವಾಗಿತ್ತು. ಈಗ ಹನ್ನೆರಡಾಗಿತ್ತು. ಕುರ್ಚಿಗಳಲ್ಲಿ ಕುಳಿತವರಿಗೆ ಅಳು ಮುಗಿದು ಮಾತು ಶುರುವಾಗಿತ್ತು.

"ಏನ ಅನ್ರಿ, ರೋಡ್ ಬಂದಮ್ಯಾಗ ನಮ್ಮ ಓಣ್ಯಾಗ ಸೈಟಿನ ರೇಟ್ ಮೂರು ಪಟ್ಟಾತು," ಎಂದಳು ಮೂಲೆಯ ಕಿರಾಣಿ ಅಂಗಡಿಯ ಪಂಪಾವತಿ.

"ರೇಟ್ ತಗಂಡು ನೆಕ್ಕಲೇನು?" ಹುಲುಗಮ್ಮ ತಿರುಗಿದಳು. "ನಳದಾಗ ನೀರು ಬಂದು ಇವತ್ತಿಗೆ ಒಂಬತ್ತು ದಿನ. ಮಳಿ ಬಂದ್ರ ಮಾತ್ರ ಸೀದಾ ಅಡಿಗಿ ಮನಿಗೇ ಬರತೈತಿ. ಮನಿಮನಿಗೆ ನೀರು ಅಂದ್ರ ಇದ ನೋಡು."

"ಬಸಮ್ಮಕ್ಕನೂ ನಮ್ಮಂಗ ಕೆಡವಿ, ಎತ್ತರ ಮಾಡಿ ಕಟ್ಟಬೇಕಿತ್ತು."

"ಹೂಂ, ನೀ ಎತ್ತರ ಕಟ್ಟಿದಿ. ನಿನ್ನ ಬಚ್ಚಲ ನೀರು ಎಲ್ಲಿಗೆ ಬಂತು? ಸತ್ತಾಕಿ ಮನಿಗೆ ಬಂತು. ನೀ ಎದ್ದಿ, ಆಕಿ ಮುಳುಗಿದ್ಲು. ಇದಕ್ಕ ಡೆವಲಪ್‌ಮೆಂಟ್ ಅಂತಾರ."

ಪಂಪಾವತಿ ಸೆರಗು ಸರಿಮಾಡಿಕೊಂಡು ಕುರ್ಚಿಯನ್ನು ಆಚೆ ತಿರುಗಿಸಿದಳು.

ಬಾಗಿಲಿನಿಂದ ಹಂಪೇಶನ ಅಕ್ಕ ದಾಕ್ಷಾಯಣಿ ಬಗ್ಗಿ ಮೇಲೆ ಬಂದಳು. ಸಿರುಗುಪ್ಪದಿಂದ ನಿನ್ನೆ ಮೊದಲ ಬಸ್ಸಿಗೆ ಬಂದವಳು ಇನ್ನೂ ಮಲಗಿರಲಿಲ್ಲ.

"ಅಳತಿ ಸಾಕು ಮಾವ. ಒಡೀರಿ ಇದನ್ನ," ಎಂದು ಚರಂಡಿಯ ಹಾಸನ್ನು ಕಾಲಿನಿಂದ ಗುದ್ದಿದಳು. "ಹಾಸು ತಗದು, ಚರಂಡೀದು ಬಾಗಿಲ ಕಡಿ ಗೋಡಿ ಕೆಡವಿದ್ರ ಅವ್ವ ಕುಂತಂಗ ಹೊರಗ ಬರತಾಳ. ನಾಕು ಮಂದಿ ಚರಂಡ್ಯಾಗ ಇಳದು ಮ್ಯಾಲ ಎತ್ತಿ ಕೊಟ್ರ ಆತು."

ಎಲ್ಲರೂ ಹಂಪೇಶನ ಕಡೆ ನೋಡಿದರು. ಆ ಚರಂಡಿಯ ಗುತ್ತಿಗೆ ರಂಗಣ್ಣನದು. ರಂಗಣ್ಣನ ಕೈಕೆಳಗೆ ಸೂಪರ್‌ವೈಸರ್ ಆಗಿ ನಿಂತು ಅದನ್ನು ಕಟ್ಟಿಸಿದವನು ಹಂಪೇಶ.

"ಹಿತ್ತಲ ಕಡಿಂದ ಒಯ್ಯೋಣಕ್ಕಾ," ಎಂದ ಅವನು.

"ಹಿತ್ತಲ? ಆ ಸಂದ್ಯಾಗ ಬೆಕ್ಕು ಹೊಕ್ಕರ ತಿರುಗಾಕ ಆಗಂಗಿಲ್ಲ. ಅಲ್ಲಿಂದ ಒಯ್ಯಬೇಕಂದ್ರ ಮಲಗಿಸಬೇಕು, ಕಕ್ಕಸದ ಗೋಡಿಗೆ ಒರಸಿಕೊಂತ ಹೋಗಬೇಕು. ಅವ್ವ ಏನು ಕಳವು ಮಾಡಿ ಸತ್ತಾಳೇನು?"

ಹಂಪೇಶ ಕಾಲಡಿಯ ಹಾಸನ್ನು ನೋಡಿದ. ಆ ಹಾಸಿನೊಳಗೆ ಕಬ್ಬಿಣವಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಓಣಿಯ ಈ ತುದಿಯಿಂದ ಆ ತುದಿಯವರೆಗೂ ಇಲ್ಲ. ಸರಳುಗಳು ಕಾಗದದ ಮೇಲಿದ್ದವು, ಹಾಕಿದೆ ಎಂದು ಬರೆದು ಕೆಳಗೆ ಸಹಿ ಮಾಡಿದವನು ಅವನೇ. ಒಂದು ಏಟು ಬಿದ್ದರೆ ಇಡೀ ಓಣಿಯ ಕಣ್ಣೆದುರು, ಕೈಕೈಯಲ್ಲೂ ಇರುವ ಫೋನುಗಳೆದುರು ಅದು ಬಯಲಾಗುತ್ತದೆ. ಕೆಲಸ ಹೋಗುವುದು ಸಣ್ಣ ಮಾತು. ಕೇಸಾದರೆ ಅದು ಸಹಿ ಇದ್ದವನ ಮೇಲೆ ಆಗುತ್ತದೆ.

*

ಈ ಮನೆ ಕಟ್ಟಿದಾಗ ರಸ್ತೆಯಿಂದ ನಾಲ್ಕು ಮೆಟ್ಟಿಲು ಹತ್ತಿ ಒಳಗೆ ಹೋಗಬೇಕಿತ್ತು. ಶಿವಬಸಮ್ಮ ಜೀನ್ಸ್ ಹೊಲಿಯುವ ಶೆಡ್ಡಿನಲ್ಲಿ ದಾರ ಕತ್ತರಿಸುವ ಕೆಲಸ ಮಾಡಿ, ಗಂಡ ಸತ್ತ ಮೇಲೂ ನಿಲ್ಲಿಸದೆ ಕಟ್ಟಿಸಿದ ಮನೆ. ಕೋಟೆ ಗುಡ್ಡದ ಹಿಂದಿನ ಆ ಓಣಿ ಆಗ ಬರೀ ಕೆಸರು. ಮಳೆಗಾಲದಲ್ಲಿ ಬಸುರಿಯನ್ನು ಆಟೋದವರೆಗೆ ಹೊತ್ತು ಒಯ್ಯಬೇಕು.

ರಸ್ತೆಗೆ ಮೊದಲ ಅರ್ಜಿ ಕೊಟ್ಟವಳು ಶಿವಬಸಮ್ಮನೇ. ಮನೆಮನೆಗೆ ಹೋಗಿ ಸಹಿ, ಹೆಬ್ಬೆಟ್ಟು ಹಾಕಿಸಿದ್ದಳು. ಹುಲುಗಮ್ಮ ಆಗ, "ಅಕ್ಕಾ, ಕೆಸರಾಗ ಇದ್ರ ಏನ್ ಸಾಯ್ತೀವೇನು?" ಎಂದರೆ, "ಸಾಯದಿಲ್ಲ, ಆದ್ರ ಎಮ್ಮಿ ಬ್ಯಾರೆ ನಾವು ಬ್ಯಾರೆ, ಒತ್ತು ಹೆಬ್ಬೆಟ್ಟು," ಎಂದಿದ್ದಳು.

ರಸ್ತೆ ಬಂತು. ಓಣಿಗೆಲ್ಲ ಮಂಡಕ್ಕಿ ಹಂಚಿದಳು. ಐದು ವರ್ಷಕ್ಕೆ ಅದು ಕಿತ್ತುಹೋಯಿತು. ಹಳೆಯದನ್ನು ಅಗೆಯದೆ ಅದರ ಮೇಲೆಯೇ ಇನ್ನೊಂದು ಹಾಕಿದರು. ಅಗೆಯುವುದಕ್ಕೆ ದಿನ ಬೇಕು, ಸುರಿಯುವುದಕ್ಕೆ ತಾಸು ಸಾಕು. ಎರಡು ಮೆಟ್ಟಿಲು ಮುಚ್ಚಿದವು. ಮುಂದೆ ಪ್ರತಿ ಚುನಾವಣೆಗೂ ಮತ್ತೊಂದು ಪದರ ಬಂತು. ಮೆಟ್ಟಿಲುಗಳು ಮುಗಿದವು, ಆಮೇಲೆ ಹೊಸ್ತಿಲು ಮುಳುಗಿತು. ಶಿವಬಸಮ್ಮ ಅರ್ಜಿ ಬರೆಸುತ್ತಲೇ ಇದ್ದಳು. ಬೀದಿ ದೀಪಕ್ಕೆ, ನಳಕ್ಕೆ, ಹಳೇ ರಸ್ತೆ ಅಗೆದು ಹೊಸದು ಹಾಕಿ ಎಂದು. ಕಚೇರಿಯ ಗುಮಾಸ್ತರು ಅವಳನ್ನು ಕಂಡರೆ ಚಹಾ ಕುಡಿಯಲು ಏಳುತ್ತಿದ್ದರು.

*

ರಂಗಣ್ಣ ಹಾರ ಹಿಡಿದು ಬಂದ. ಒಳಗೆ ಇಳಿಯಲಿಲ್ಲ. ಬಾಗಿಲ ಮುಂದೆ ನಿಂತು ಒಮ್ಮೆ ಬಗ್ಗಿ ನೋಡಿ, ಹಾರವನ್ನು ಗವಿಸಿದ್ದಪ್ಪನ ಕೈಗೆ ಕೊಟ್ಟು, "ಭಾಳ ಒಳ್ಳೇ ಹೆಣ್ಮಗಳು," ಎಂದ.

"ಒಳ್ಳೇ ಹೆಣ್ಮಗಳು ಹೊರಗ ಬರಾಕ ದಾರಿ ಇಲ್ಲ ರಂಗಣ್ಣ," ಎಂದಳು ದಾಕ್ಷಾಯಣಿ. "ನಿಮ್ಮ ಚರಂಡಿ ಒಡೀತೀವಿ."

"ಅಯ್ಯೋ ತಂಗೀ, ಅದು ಸರಕಾರದ್ದು. ಇನ್ನೂ ಕೊನೀ ತಪಾಸಣಿ ಆಗಿಲ್ಲ. ಮುಟ್ಟಿದ್ರ ಕೇಸಾಗತೈತಿ." ರಂಗಣ್ಣ ದನಿ ತಗ್ಗಿಸಿದ. "ನಾನು ಏನೂ ಅನ್ನಾದಿಲ್ಲ. ನಿನ್ನ ತಮ್ಮನ್ನ ಕೇಳು. ಸಹಿ ಅವಂದು ಐತಿ."

ಆಮೇಲೆ ಹಂಪೇಶನ ಹೆಗಲ ಮೇಲೆ ಕೈ ಹಾಕಿ ಶಾಮಿಯಾನದ ಆಚೆ ಕರೆದೊಯ್ದ. "ಹೆಣ್ಣುಮಕ್ಕಳ ಮಾತು ಕೇಳಬ್ಯಾಡ. ಹಿತ್ತಲಿಂದ ಒಯ್ಯಿ. ಸತ್ತಾರಿಗೆ ಮುಂದೇನು ಹಿಂದೇನು."

ಹಂಪೇಶ ಮರಳಿ ಬಂದಾಗ ಹುಲುಗಮ್ಮ ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದಳು.

"ಒಂದು ಬಲ್ಬ್ ಹೋದ್ರ ಅರ್ಜಿ ಬರಸಾಕಿ. ಬಾಗಿಲಿಗೇ ಗೋಡಿ ಕಟ್ಟಿದ್ರೂ ಈ ಚರಂಡಿ ಬಗ್ಗೆ ಒಂದು ಮಾತು ಆಡಲಿಲ್ಲ. ಯಾಕ ಅಂತ ನಾ ಎಷ್ಟು ಕೇಳಿದೆ. 'ಬಿಡಲೇ ಹುಲುಗಿ, ವಯಸ್ಸಾತು, ಬಗ್ಗಿದ್ರ ನಡುವಿಗೆ ಒಳ್ಳೇದು' ಅಂದ್ಲು."

ಒಂದಿಬ್ಬರು ನಕ್ಕರು. ಹಂಪೇಶ ಬಗ್ಗಿ ಒಳಗೆ ಇಳಿದ.

*

ಹೋದ ವರ್ಷ ಚರಂಡಿಗೆ ಹಾಸು ಹಾಕಿದ ದಿನ ಶಿವಬಸಮ್ಮ ಕೆಲಸದವರಿಗೆಲ್ಲ ಚಹಾ ತಂದಿದ್ದಳು. ಮಗನೇ ನಿಂತು ಮಾಡಿಸುತ್ತಿದ್ದಾನೆ ಎಂಬ ಹಿಗ್ಗು. ಕಿಟ್ಲಿ ಹಿಡಿದು ನಿಂತವಳು ಹಲಗೆಗಳ ನಡುವೆ ಕಾಂಕ್ರೀಟ್ ಬೀಳುವುದನ್ನು ನೋಡಿದಳು. ಸ್ವಂತ ಮನೆಗೆ ಒಂದೊಂದೇ ಸರಳು ತರಿಸಿ ಚಾವಣಿ ಹಾಕಿಸಿದ ಹೆಂಗಸು.

"ಕಬ್ಬಿಣ ಎಲ್ಲಿ?"

"ನಿನಗ್ಯಾಕ ಬೇಕವ್ವ?"

"ಕೇಳಿದ್ದಕ್ಕ ಹೇಳು. ಕಬ್ಬಿಣ ಎಲ್ಲಿ?"

"ಮ್ಯಾಲಿನವರಿಗೆ ಗೊತ್ತೈತಿ. ನೀ ಒಳಗ ನಡಿ. ಎಲ್ಲಿಗೂ ಅರ್ಜಿ ಗಿರ್ಜಿ ಅಂತ ಹೋಗಬ್ಯಾಡ, ಸಹಿ ನಂದೈತಿ."

ಅವಳು ಮಿಕ್ಕ ಚಹಾವನ್ನು ಹಸಿ ಕಾಂಕ್ರೀಟಿನ ಮೇಲೆ ಚೆಲ್ಲಿ ಒಳಗೆ ಹೋದಳು. ಆ ದಿನದಿಂದ ಅರ್ಜಿ ಬರೆಸಲಿಲ್ಲ. ಬಗ್ಗಿ ಹೋದಳು, ಬಗ್ಗಿ ಬಂದಳು. ಒಮ್ಮೆ ನೀರಿನ ಕೊಡದ ಸಮೇತ ಬಿದ್ದು ಮುಂಗೈ ಬಾತಾಗ, ಸೊಸೆ ಮೇಘಾ ಎಣ್ಣೆ ಹಚ್ಚುತ್ತ, "ಅತ್ತೀ, ಇವರಿಗೆ ಹೇಳಿ ಸ್ವಲ್ಪ ಒಡೆಸೋಣ," ಎಂದಿದ್ದಳು. "ಒಡೀಬಾರದವ್ವ ಅದನ್ನ," ಎಂದಿದ್ದಳು ಶಿವಬಸಮ್ಮ.

*

"ಮಲಗಸ್ರಿ," ಎಂದ ಹಂಪೇಶ. "ಹಿತ್ತಲಿಂದ ಒಯ್ಯೋಣ."

ಪೂಜೆ ಮುಗಿಸಿ ಕುಳಿತಿದ್ದ ಅಯ್ಯನವರು ತಲೆಯೆತ್ತಿದರು. "ಕುಂದರಿಸಿದ ಮ್ಯಾಲ ಮಲಗಸೋ ಪದ್ಧತಿ ಇಲ್ಲಪ್ಪ."

"ಬ್ಯಾರೆ ದಾರಿ ಇಲ್ರಿ ಅಯ್ಯನೋರೆ."

"ದಾರಿ ಐತಿ," ಎಂದಳು ದಾಕ್ಷಾಯಣಿ. "ನಿನಗ ರಂಗಣ್ಣ ದೊಡ್ಡಾಂವ ಆಗ್ಯಾನ. ಹೆತ್ತಾಕಿನ್ನ ಕಕ್ಕಸದ ಸಂದಿಗೆ ಹಾಕತೀಯಾ. ಹಾಕು. ನಾ ಅಲ್ಲಿಗೆ ಬರಂಗಿಲ್ಲ."

ಗವಿಸಿದ್ದಪ್ಪ ಯಾರ ಮುಖವನ್ನೂ ನೋಡದೆ ಗೂಟದ ಬಳಿಗೆ ಹೋದ. ಗಂಟು ಬಿಗಿದು ಕೂತಿತ್ತು. ಹಲ್ಲಿನಿಂದ ಕಚ್ಚಿ ಬಿಚ್ಚಿದ. ಬಟ್ಟೆ ಸಡಿಲವಾಯಿತು. ಶಿವಬಸಮ್ಮನ ಸೆಟೆದ ಮೈ ಇಡಿಯಾಗಿ ಮುಂದಕ್ಕೆ ವಾಲಿತು. ಹುಲುಗಮ್ಮ ಎರಡೂ ಕೈಯಿಂದ ತಡೆದಳು. ನಡು ಬಗ್ಗಿ, ತಲೆ ಮುಂದಾಗಿ ಅವಳು ವಾಲಿದ ಭಂಗಿಯನ್ನು ಆ ಮನೆಯಲ್ಲಿದ್ದವರೆಲ್ಲ ಬಾಗಿಲಲ್ಲಿ ದಿನಕ್ಕೆ ಹತ್ತು ಸಲ ನೋಡಿದ್ದರು.

"ಕಟ್ಟು ಮಾವ," ಎಂದ ಹಂಪೇಶ.

"ಏನು?"

"ತಿರುಗಿ ಕಟ್ಟು. ಬಿಗಿಯಾಗಿ."

ಅವನು ಮೇಲೆ ಹತ್ತಿ ಹೋದ. ಶಾಮಿಯಾನದ ಕಂಬಕ್ಕೆ ಕುಣಿ ತೋಡಿದ ಹಾರೆ ಅಲ್ಲೇ ಬಿದ್ದಿತ್ತು. ಅದನ್ನು ಎತ್ತಿಕೊಂಡು ಓಣಿಯ ಹುಡುಗರಿಗೆ ಹೇಳಿದ: "ಮ್ಯಾಲಿನ ಕಡಿ ಚರಂಡಿಗೆ ಮರಳಿನ ಚೀಲ ಹಾಕಿ ನೀರು ಕಟ್ರಿ."

"ಲೇ ಹಂಪೇಶ, ಹುಚ್ಚು ಹಿಡದೈತೇನು?" ರಂಗಣ್ಣ ಎದ್ದು ಬಂದ. "ನಿನಗ ನೀನ ಕುಣಿ ತೋಡಿಕೊಳ್ಳಾಕತ್ತಿ, ನೋಡು."

ಹಂಪೇಶ ಹಾರೆ ಎತ್ತಿ ಹೊಡೆದ. ಎರಡನೆಯ ಏಟಿಗೆ ಹಾಸು ನಡುವೆ ಬಿರಿಯಿತು. ಮೂರನೆಯದಕ್ಕೆ ಬಾಗಿಲಿನಷ್ಟು ಅಗಲದ ತುಂಡು ಚರಂಡಿಯೊಳಗೆ ಕುಸಿದು, ಕಪ್ಪು ನೀರು ಎಲ್ಲರ ಬಟ್ಟೆಗೆ ಸಿಡಿಯಿತು. ಜನ ಇಷ್ಟು ಬೇಗ ಒಡೆಯುತ್ತದೆಂದು ಎಣಿಸಿರಲಿಲ್ಲ.

"ಏನಲೇ ಇದು!" ಎಂದಳು ಪಂಪಾವತಿ. "ಹಪ್ಪಳ ಮುರದಂಗ ಮುರೀತಲ್ಲ! ಇದರ ಮ್ಯಾಲ ನನ್ನ ಮೊಮ್ಮಕ್ಕಳು ಆಡತಾವ!"

ಗವಿಸಿದ್ದಪ್ಪ ಒಡೆದ ಅಂಚಿಗೆ ಕೈ ಹಾಕಿದ. ಇಡೀ ಜೀವಮಾನ ಕಾಂಕ್ರೀಟ್ ಹಾಕಿದ ಕೈ. ಒಳಗೆ ಬೆರಳಾಡಿಸಿ ಹುಡುಕಿದ. ಒಂದು ಹಿಡಿ ಕಿತ್ತು ಹಿಸುಕಿದ. ಪುಡಿಯಾಯಿತು.

"ಸರಳು ಎಲ್ಲಿ?" ಎಂದ.

"ನನ್ನೇನು ಕೇಳತೀರಿ?" ರಂಗಣ್ಣ ಹಿಂದೆ ಸರಿದ. "ನಿಂತು ಮಾಡಿಸಿದಾಂವ ಅಲ್ಲೇ ಅದಾನಲ್ಲ. ನಾನೂ ಈಗ ನೋಡಾಕತ್ತೀನಿ. ನಂಬಿಸಿ ಕುತ್ತಿಗಿ ಕೊಯ್ದ."

ಫೋನುಗಳು ಮೇಲೆದ್ದವು. ಮೊದಲು ಚರಂಡಿಯ ಕಡೆ, ಆಮೇಲೆ ಹಂಪೇಶನ ಮುಖದ ಕಡೆ.

"ಹಾಕಿಲ್ಲ," ಎಂದ ಹಂಪೇಶ. "ಎಲ್ಲೂ ಹಾಕಿಲ್ಲ. ರಂಗಣ್ಣ ಬ್ಯಾಡಂದ, ನಾ ಸಹಿ ಮಾಡಿದೆ. ಅವ್ವಗ ಗೊತ್ತಿತ್ತು."

ದಾಕ್ಷಾಯಣಿ ಅವನ ಹತ್ತಿರ ಬಂದು ಕಪಾಳಕ್ಕೆ ಹೊಡೆದಳು. ಅವನು ಹಾರೆ ಕೆಳಗಿಡಲಿಲ್ಲ. ತಿರುಗಿ ನಿಂತು ಬಾಗಿಲ ಕಡೆಯ ಗೋಡೆಯನ್ನು ಕೆಡವತೊಡಗಿದ. ಅದಕ್ಕೂ ಹೆಚ್ಚು ಹೊತ್ತು ಬೇಕಾಗಲಿಲ್ಲ.

ಚೀಲದ ಸಂದಿಯಿಂದ ಜಿನುಗಿದ ನೀರು ಮೊಳಕಾಲಿನ ತನಕ ನಿಂತಿತ್ತು. ಹಂಪೇಶ ಅದರೊಳಗೆ ಇಳಿದ. ಗವಿಸಿದ್ದಪ್ಪ ಇಳಿದ. ಓಣಿಯ ಇಬ್ಬರು ಪಂಚೆ ಮೇಲಕ್ಕೆ ಕಟ್ಟಿ ಇಳಿದರು. ಒಳಗಿಂದ ಹೆಂಗಸರು ಮಣೆಯನ್ನು ನೂಕಿ ಕೊಟ್ಟರು. ಶಿವಬಸಮ್ಮ ನೆಟ್ಟಗೆ ಕುಳಿತು ಬಾಗಿಲು ದಾಟಿದಳು. ಹಂಪೇಶ ಮಣೆಯ ಒಂದು ಮೂಲೆಗೆ ಹೆಗಲು ಕೊಟ್ಟ, ಆಮೇಲೆ ತಲೆಯ ಮೇಲೆ ಎತ್ತಿದ. ರಸ್ತೆಯ ಮೇಲಿದ್ದವರು ಬಗ್ಗಿ ಅವಳನ್ನು ತೆಗೆದುಕೊಂಡರು. ಗವಿಸಿದ್ದಪ್ಪನನ್ನೂ ಉಳಿದಿಬ್ಬರನ್ನೂ ಕೈ ಹಿಡಿದು ಮೇಲಕ್ಕೆ ಎಳೆದುಕೊಂಡರು.

ವಿಮಾನ ಎದ್ದಿತು. ಭಜನೆಯ ತಾಳ ಶುರುವಾಯಿತು. ದಾಕ್ಷಾಯಣಿ ಹಿಂತಿರುಗಿ ನೋಡದೆ ಮುಂದೆ ನಡೆದಳು. ಫೋನು ಹಿಡಿದ ಇಬ್ಬರು ಮಾತ್ರ ಚರಂಡಿಯ ಅಂಚಿನಲ್ಲಿ ನಿಂತಿದ್ದರು. ಕೈ ಯಾರೂ ಚಾಚಲಿಲ್ಲ.

ಹಂಪೇಶ ಮೇಲೆ ಹತ್ತಲು ಒಡೆದ ಅಂಚನ್ನು ಹಿಡಿದ. ಅದು ಕಿತ್ತು ಅವನ ಕೈಗೇ ಬಂತು. ಅದನ್ನು ನೀರಿಗೆ ಎಸೆದು ಒಂದು ಹೆಜ್ಜೆ ಆಚೆ ಹಿಡಿದ. ಅದೂ ಬಂತು.