ಗಿರ್ಮಿಟ್ ತಾಟಿನ ಮೆಣಸಿನಕಾಯಿ

ಎಣ್ಣೆಗೆ ಬಿದ್ದ ಭಜಿ ಚುಂಯ್ ಅಂದು ಸುಮ್ಮನಾಯಿತು, ಇಲ್ಲ, ಸುಮ್ಮನಾಗಿಲ್ಲ, ಸಣ್ಣಗೆ ಗುಳುಗುಳು ಅನ್ನುತ್ತಲೇ ಇದೆ, ಕಡಲೆಹಿಟ್ಟಿಗೂ ಹೇಳಿಕೊಳ್ಳಲು ಇಷ್ಟಿದೆ — ಗೌತಮ ಲಾಡಲೇಸಾಬನ ಗಾಡಿಯ ಮುಂದೆ ನಿಂತು ಬಾಣಲೆಯನ್ನೇ ನೋಡುತ್ತಿದ್ದಾನೆ, ಬೆನ್ನ ಹಿಂದೆ ಮೈದಾನದ ತುಂಬ ವಿಜಯಪುರದ ಭಾನುವಾರದ ಸಂಜೆ, ಸಾಲಾಗಿ ನಿಂತ ಹನ್ನೊಂದು ಬಣ್ಣಬಣ್ಣದ ತಿಂಡಿ ಟ್ರಕ್ಕು, ಒಂದರಲ್ಲಿ ಪಿಜ್ಜಾ, ಒಂದರಲ್ಲಿ ಝುಣಕ ರೊಟ್ಟಿ, ಅಲ್ಲಿಂದ ಮೂರನೇ ಕುರ್ಚಿಯಲ್ಲಿ ನೀಲಾ, ತಿರುಗಿ ನೋಡಬೇಕಾಗಿಲ್ಲ, ಕೂತಿದ್ದಾಳೆ ಅನ್ನುವುದು ಬೆನ್ನಿಗೇ ಗೊತ್ತು. ಹೋದ ವಾರ ಮಮದಾಪುರಕ್ಕೆ ಹೆಣ್ಣು ನೋಡಲು ಹೋದಾಗ ಅವ್ವ ಮಾತಾಡಿದಳು, ಭಾಗಪ್ಪ ಕಾಕಾ ಮಾತಾಡಿದ, ಗೋಡೆಯ ಗಡಿಯಾರವೂ ಗಂಟೆಗೊಮ್ಮೆ ಮಾತಾಡಿತು, ತಾನು ಮಾತ್ರ ಚೂಡಾ ತಿಂದು ತಾಟು ಬರಿದು ಮಾಡಿ ಎದ್ದು ಬಂದ, ಬರಿದಲ್ಲ, ಒಂದು ಶೇಂಗಾ ಉಳಿದಿತ್ತು, ತಾಟು ಎತ್ತಲು ಬಂದ ನೀಲಾ ಅದನ್ನು ನೋಡಿ ತುಟಿಯ ಒಂದೇ ಬದಿಯಿಂದ ನಕ್ಕಳು, ಆ ನಗುವನ್ನು ವಾರವಿಡೀ ಹೊತ್ತು ತಿರುಗಿದ್ದಾನೆ, ಹೊನವಾಡದ ದ್ರಾಕ್ಷಿ ತೋಟಗಳಲ್ಲಿ ಸರ್ವೇ ಸರಪಳಿ ಎಳೆಯುವಾಗ, ಎರಡು ಸಲ ಲೆಕ್ಕ ತಪ್ಪಿ ಮತ್ತೆ ಅಳೆದ. ಮರುದಿನವೇ ಆ ಕಡೆಯಿಂದ ಫೋನು, ಹುಡುಗಿ ಒಲ್ಲೆ ಅನ್ನಂಗಿಲ್ರಿ, ಹ್ಞೂಂ ಅಂತನೂ ಅನ್ನಂಗಿಲ್ಲ, ಗೋಡಿ ಜೋಡಿ ಬಾಳೇವು ಮಾಡೂದು ಹೆಂಗ ಅಂತ ಕೇಳಾಕತ್ತಾಳ, ಹೊರಗ ಎಲ್ಲ್ಯರ ಇಬ್ರ ಇನ್ನೊಮ್ಮೆ ಭೆಟ್ಟಿ ಆಗ್ಲಿ, ಅವತ್ತ ರಾತ್ರಿನ ಹೇಳ್ತಾಳಂತ. ಅವ್ವ ಹನಮವ್ವ ಫೋನಿಟ್ಟು ಸೆರಗಿನಿಂದ ಕಣ್ಣೊರೆಸಿಕೊಳ್ಳುವ ತನಕ ನಕ್ಕಳು, ಗೋಡಿ ಅಂದ್ಳಲ್ಲೋ ಯಪ್ಪಾ, ಖರೇನ ಅಂದಾಳ ಬಿಡು, ನಿನ್ನ ಹೆಸರಿನಾಂವ ಗಿಡದ ಬುಡಕ ಸುಮ್ಮ ಕುಂತ್ರೂ ಎದ್ದಮ್ಯಾಲ ಊರೂರು ತಿರಗಿ ಮಾತಾಡ್ಯಾನ, ನೀ ಎದ್ದಮ್ಯಾಲೂ ಸುಮ್ಮನ ಅದಿ, ಇಂಥಾಕಿ ತಪ್ಪಿದ್ಲಂದ್ರ ನಾ ಇನ್ನೊಂದ ಮನಿ ಹೊಸ್ತಿಲಾ ತುಳಿಯಂಗಿಲ್ಲ ನೋಡು.

ತಪ್ಪಬಾರದು, ಅದಕ್ಕೇ ಬಸ್ಸಿನಲ್ಲಿ ಮೂರು ಮಾತು ಹೊಂದಿಸಿಕೊಂಡಿದ್ದ, ಟಿಕೋಟಾ ಬರುವಷ್ಟರಲ್ಲಿ ಎರಡು ಉಳಿದವು, ನಗರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಒಂದು, ಈಗ ಈ ಎಣ್ಣೆಯ ಸದ್ದಿನಲ್ಲಿ ಅದೂ ಇಲ್ಲ. ಸಾಲಿಯಲ್ಲಿದ್ದಾಗ ಗೋಳಗುಮ್ಮಟ ಹತ್ತಿಸಿದ್ದರು, ಎಲ್ಲರೂ ತಮ್ಮ ತಮ್ಮ ಹೆಸರು ಕೂಗಿದರು, ಅವನು ಗೋಡೆಗೆ ಕಿವಿಯಿಟ್ಟು ನಿಂತ, ಲೇ ಗೌತಮ, ನೀ ಯಾಕ ಒದರವಲ್ಲಿ ಅಂದರು ಮಾಸ್ತರರು, ಎಲ್ಲಾರೂ ಒದರಿದ್ರ ಕೇಳಾವ್ರು ಯಾರ್ರಿ ಸರ್, ಅಂದಿದ್ದ, ಮಾಸ್ತರರು ಬೆನ್ನು ತಟ್ಟಿದ್ದರು, ಆ ಬೆನ್ನು ತಟ್ಟಿದ್ದೇ ಕೆಡುಕಾಯಿತೇನೋ — ಅಣ್ಣಾರ, ಎರಡು ಗಿರ್ಮಿಟ್ಟೇನ್ರಿ, ಅನ್ನುತ್ತಾನೆ ಲಾಡಲೇಸಾಬ, ಹ್ಞೂಂ, ಉಳ್ಳಾಗಡ್ಡಿ ಮ್ಯಾಲ ಹಾಕ್ಲೇನ್ರಿ, ಹ್ಞೂಂ, ಅಕ್ಕಾರ ತಾಟಿಗೆ ಮೆಣಸಿನಕಾಯಿ ಬ್ಯಾಡಲ್ರಿ, ಹೆಣ್ಮಕ್ಕಳು ಹಂಗ ಬಿಟ್ಟ ಹೋಗ್ತಾರ್ರಿ, ಹ್ಞೂಂ. ಮೂರನೇ ಹ್ಞೂಂ ಬಾಯಿಂದ ಹೋದ ಮೇಲೆ ಗೊತ್ತಾಯಿತು ಅದು ತನ್ನದಲ್ಲ, ಅವಳದು, ಅವಳ ಪರವಾಗಿ ತಾನು ಯಾರು ಹ್ಞೂಂ ಅನ್ನಲು, ತಿರುಗಿ ಹೇಳೋಣವೆಂದರೆ ಲಾಡಲೇಸಾಬ ಆಗಲೇ ಮುಂದಿನವರಿಗೆ ಚುರಮುರಿ ಕಲಸುತ್ತಿದ್ದಾನೆ. ಎರಡು ತಾಟು ಹಿಡಿದು ನಡೆದ, ತನ್ನದರ ಅಂಚಿಗೆ ಒಂದು ಮೆಣಸಿನಕಾಯಿ, ಹಸಿರು, ತೊಟ್ಟು ಸಮೇತ, ಹೆಜ್ಜೆಗೊಮ್ಮೆ ಅಲುಗುತ್ತದೆ, ಅವ್ವ ಊಟಕ್ಕೆ ಕೂತಾಗ ಹೀಗೇ ಒಂದನ್ನು ನೆಲಕ್ಕಿಡುತ್ತಿದ್ದಳು, ಕೈ ಚಾಚಿದರೂ ಕೈಗೆ ಕೊಡುವವಳಲ್ಲ, ಕೆಳಗ ಇಟ್ಟೇನಿ ತಗೋ, ಮೆಣಸಿನಕಾಯಿ ಕೈಯಿಂದ ಕೈಗೆ ಕೊಟ್ರ ಜಗಳ ಆಗ್ತಾವ. ಇಪ್ಪತ್ತೆಂಟು ವರ್ಷ ನೆಲದಿಂದಲೇ ಎತ್ತಿಕೊಂಡಿದ್ದಾನೆ, ಯಾರ ಜೊತೆಗೂ ಜಗಳವಾಗಿಲ್ಲ, ಮಾತೂ ಆಗಿಲ್ಲ.

ನೀಲಾ ತಾಟು ತೆಗೆದುಕೊಂಡು ಚುರಮುರಿಯನ್ನು ಬೆರಳಿನಿಂದ ಆಚೆ ಈಚೆ ಸರಿಸುತ್ತಾಳೆ, ಏನೋ ಕಳೆದುಕೊಂಡವಳ ಹಾಗೆ, ನನ್ನ ಮೆಣಸಿನಕಾಯಿ ಎಲ್ಲೈತ್ರಿ, ನಮ್ಮೂರಾಗ ಮೆಣಸಿನಕಾಯಿ ಇಲ್ಲದ ಗಿರ್ಮಿಟ್ ಹಲ್ಲು ಬರದ ಕೂಸಿಗೆ ಕೊಡ್ತಾರ, ಬ್ಯಾಡ ಅಂದಾವ್ರು ಯಾರು. ನಾನ, ಅಂದ ಗೌತಮ, ಅಂವಾ ಕೇಳಿದ, ನಾ ಹ್ಞೂಂ ಅಂದೆ. ಅವಳು ಅವನನ್ನೇ ನೋಡಿದಳು, ಹಂಗಾರ ನಾಳೆ ನನ್ನ ಬಗ್ಗೆ ಯಾರರ ಏನರ ಕೇಳಿದ್ರೂ ಹ್ಞೂಂ ಅಂದಬಿಡ್ತೀರಿ. ಇದು ಆ ಪ್ರಶ್ನೆಯೇ, ಗೋಡೆಯ ಪ್ರಶ್ನೆ, ಇದಕ್ಕೆ ಉತ್ತರ ಕೊಡದಿದ್ದರೆ ಈ ಗಿರ್ಮಿಟ್ ಮುಗಿಯುವಷ್ಟರಲ್ಲಿ ಎಲ್ಲ ಮುಗಿಯುತ್ತದೆ, ಬಸ್ಸಿನಲ್ಲಿ ಉದುರಿದ ಮೂರು ಮಾತುಗಳಲ್ಲಿ ಒಂದಾದರೂ ಬರಬಾರದೇ, ಬರುವುದಿಲ್ಲ, ಕಣ್ಣ ಮುಂದೆ ಮೆಣಸಿನಕಾಯಿ ಒಂದೇ, ಹಸಿರು, ತೊಟ್ಟು ಸಮೇತ — ಕೈ ಅದನ್ನು ಎತ್ತಿದೆ, ಅವಳ ಕಡೆಗೆ ಚಾಚಿದೆ. ಅವಳ ಕೈ ಮುಂದೆ ಬಂದು ಅರ್ಧಕ್ಕೆ ನಿಂತಿತು, ಕೆಳಗ ಇಡ್ರಿ, ನಿಮ್ಮ ಮನ್ಯಾಗ ಹೇಳಿಲ್ಲೇನು, ಕೈಯಾಗ ಕೊಟ್ರ ಜಗಳ ಆಗ್ತಾವ. ಗೊತ್ತೈತಿ, ಅಂದ, ಇಡಲಿಲ್ಲ, ಆಗ್ಲಿ ಬಿಡ್ರಿ, ಜಗಳಕ್ಕರ ನಾ ಬಾಯಿ ಬಿಡ್ತೇನಿ, ಇವತ್ತಿಂದು ನಂದ ತಪ್ಪು, ಅಲ್ಲಿಂದನ ಚಾಲೂ ಮಾಡ್ರಿ. ಮೊದಲು ತುಟಿಯ ಒಂದು ಬದಿ, ಆಮೇಲೆ ಇನ್ನೊಂದು, ಪಿಜ್ಜಾ ಸಾಲಿನಲ್ಲಿ ನಿಂತವರು ತಿರುಗಿ ನೋಡುವಷ್ಟು ನಗು, ನಮ್ಮವ್ವಗ ಏನಂತ ಹೇಳ್ಲಿ, ಗೋಡಿ ಬಿರುಕ ಬಿಟ್ಟೈತಿ ಅಂತೇನಿ, ಅನ್ನುತ್ತ ನೀಲಾ ಕೈ ಚಾಚಿ ಹಿಡಿದಳು, ಎಳೆಯಲಿಲ್ಲ, ಅವನೂ ಬಿಡಲಿಲ್ಲ, ಆ ತುದಿಗೆ ಅವಳ ಎರಡು ಬೆರಳು, ಈ ತುದಿಗೆ ಅವನ ಎರಡು, ನಡುವೆ ಮೆಣಸಿನಕಾಯಿ, ಹಸಿರು, ತೊಟ್ಟು ಸಮೇತ