ನೊನಾ ತಂದ ಬೂಟು

ಅಥೆನ್ಸಿನ ಮನೆಯಲ್ಲಿ ಮಿರ್ಸಿನಿಗೆ ಇಬ್ಬರು ತಾಯಂದಿರು. ಹೆತ್ತ ಅರ್ಗಿರೋ 'ಅಮ್ಮ', ಜಡೆ ಹೆಣೆದು ಶಾಲೆಗೆ ಬಿಟ್ಟುಬರುವ ಲೆಮೋನಿಯಾ 'ಮಾನಾ'. ಈಸ್ಟರ್ ಹಬ್ಬಕ್ಕೆ ದ್ವೀಪದ ಅಜ್ಜಿಮನೆಗೆ ಹೊರಟರೆ ಮಾತ್ರ ಈ ಲೆಕ್ಕ ತಪ್ಪುತ್ತಿತ್ತು. ಹಡಗು ಇಳಿದದ್ದೇ ಮಾನಾ ಬಂದರಿನ ಬಾಡಿಗೆ ಕೋಣೆಗೆ ಹೋಗುವಳು. ಮರುದಿನ ಹಬ್ಬದ ಮೇಣದಬತ್ತಿ, ಹೊಸ ಬೂಟು ಹಿಡಿದು, ಗುಡ್ಡ ಹತ್ತಿ, ಬರೀ ನೊನಾ, ಅಂದರೆ ಧರ್ಮತಾಯಿ, ಆಗಿ ಬರುವಳು. ಮಗುವಿನ ದೀಕ್ಷಾಸ್ನಾನದಲ್ಲಿ ಅದನ್ನು ಎತ್ತಿಕೊಂಡು ನಿಂತ ನೊನಾ ಪ್ರತಿ ಈಸ್ಟರಿಗೂ ಬತ್ತಿ, ಬೂಟು ತರಲೇಬೇಕು, ತಲೆತಲಾಂತರದ ಪದ್ಧತಿ.

"ಮಾನಾ ಬರೀ ನೊನಾ ಅಂತ ನಂಬಿರೋದಕ್ಕೇ ಅಜ್ಜ ಬಾಗಿಲು ತೆಗೀತಾರೆ. ನೀನು ಬಾಯಿ ತಪ್ಪಿದ್ರೆ ಇಷ್ಟೂ ಇಲ್ಲ" ಎಂದು ಅಮ್ಮ ಎಚ್ಚರಿಸಿದ್ದಳು. ದೇವರಿಗೆ ಗೊತ್ತಿದ್ದದ್ದು ಅಜ್ಜನಿಗೆ ಗೊತ್ತಾಗುವಂತಿರಲಿಲ್ಲ.

ಮಿರ್ಸಿನಿಗೆ ಬೇಕಾಗಿದ್ದದ್ದು ಒಂದೇ. ಹಬ್ಬದ ದಿನ ಮಾನಾ ಅಜ್ಜಿಮನೆಯಲ್ಲೇ ಉಳಿದು ತನ್ನ ಪಕ್ಕ ಮಲಗಬೇಕು. ಅದನ್ನು ಬಾಯಿಬಿಟ್ಟು ಕೇಳುವಂತಿರಲಿಲ್ಲ.

ಈ ಸಲ ಅಂಗಳದಲ್ಲಿ ಅಜ್ಜಿ ಪಗೋನಾ ಮೊಮ್ಮಗಳ ಬೂಟಿನ ಮೂತಿ ಒತ್ತಿ ನೋಡಿದಳು.

"ಅಲ್ವೇ ಲೆಮೋನಿಯಾ, ಊರಿನ ನೊನಾಗಳು ತರೋ ಬೂಟು ಒಂದೋ ದೋಣಿ ಇದ್ದ ಹಾಗಿರುತ್ತೆ, ಇಲ್ಲಾ ಕಾಲೇ ಹೋಗಲ್ಲ. ನೀನು ತಂದದ್ದು ಮಾತ್ರ ವರ್ಷವರ್ಷವೂ ಅಳೆದು ಹೊಲಿಸಿದ ಹಾಗೆ. ಹೇಗಮ್ಮಾ ಅದು?"

ಮಾನಾ ಕಾಫಿ ಬಟ್ಟಲು ಕೆಳಗಿಟ್ಟಳು. ಒಳಗಿನಿಂದ ಅಜ್ಜ ಕೆಮ್ಮಿದ. ಮಿರ್ಸಿನಿಗೆ ಅಮ್ಮನ ಎಚ್ಚರಿಕೆ ನೆನಪಾಯಿತು.

"ಕಚ್ಚುತ್ತಜ್ಜಿ" ಎಂದುಬಿಟ್ಟಳು. ಸಾಲದ್ದಕ್ಕೆ ಬಾವಿಯವರೆಗೂ ಕುಂಟಿ ತೋರಿಸಿದಳು.

ಮಾನಾಳ ಮುಖ ಬಾಡಿತು. ಓಡಿಬಂದು ಮಗುವಿನ ಮುಂದೆ ಕುಕ್ಕರುಗಾಲಲ್ಲಿ ಕೂತಳು.

"ಎಲ್ಲಿ ಕಂದಾ? ನೀನು ಮಲಗಿದ್ದಾಗ ನಾನೇ ಅಳೆದಿದ್ದೆನಲ್ಲ..."

ಮಾತು ಅಲ್ಲಿಗೇ ನಿಂತಿತು. ಆಡಿದ್ದನ್ನು ವಾಪಸು ನುಂಗಲು ಬರುವುದಿಲ್ಲ.

ಅಜ್ಜಿ ಮಗುವಿನ ಬೂಟು ಬಿಚ್ಚಿದಳು, ಕಾಲುಚೀಲ ಎಳೆದಳು. ಪಾದವನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದಳು. ಎಲ್ಲೂ ಕೆಂಪಾಗಿರಲಿಲ್ಲ. ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು.

"ಮುಂದಿನ ವರ್ಷ ಒಂದು ಸೈಜು ದೊಡ್ಡದು ತಾರೇ. ಇವಳಜ್ಜನಿಗೆ ಕಿವಿ ಮಂದ, ಕಣ್ಣಲ್ಲ."

ಮಾನಾ ತಲೆ ಎತ್ತಲಿಲ್ಲ. ಅಜ್ಜಿ ಬುಟ್ಟಿಯಿಂದ ಎರಡು ಹಬ್ಬದ ಕೆಂಪು ಮೊಟ್ಟೆ ತೆಗೆದು ಮಿರ್ಸಿನಿಯ ಕೈಗಿಟ್ಟಳು.

"ಹೋಗು ಪುಟ್ಟಿ. ನಿನ್ನ ತಾಯೀನ ಗೇಟಿನ ತನಕ ಬಿಟ್ಟು ಬಾ."

ಮಿರ್ಸಿನಿ ಬೂಟು ಹಾಕಿಕೊಂಡು, ಮಾನಾಳ ಕೈ ಹಿಡಿದು, ಕುಂಟದೆ ನಡೆದಳು. ಗೇಟು ಇಷ್ಟು ಹತ್ತಿರವಿದೆಯೆಂದು ಅವಳಿಗೆ ಯಾವತ್ತೂ ಅನಿಸಿರಲಿಲ್ಲ.